ಹಡಗು ಹತ್ತದವಳು

ದ್ವೀಪದಲ್ಲಿ ಒಬ್ಬನೇ ಒಬ್ಬ ಸೈನಿಕನ ಮನೆಯವರು ಉಳಿದಿದ್ದರೂ ಯುದ್ಧ ಶುರು ಮಾಡುವಂತಿಲ್ಲ. ಇದು ಎರಡೂ ದೇಶಗಳು ಒಪ್ಪಿದ ಕಾಯಿದೆ. ಕುಟುಂಬಗಳನ್ನು ಊರಿಗೆ ಕಳಿಸುವ ಪಟ್ಟಿ ಮಾಡಿದವನು ನಾನು, ಹವಾಲ್ದಾರ್ ಬಾಳಪ್ಪ. ನಾನೂರ ಹನ್ನೆರಡು ಮನೆಯವರನ್ನು ಮೂರು ಹಡಗುಗಳಲ್ಲಿ ಕಳಿಸಿದೆ. ಹತ್ತದೆ ಉಳಿದವಳು ನನ್ನ ಹೆಂಡತಿ ಸಾವಂತ್ರೆವ್ವ ಒಬ್ಬಳೇ.

"ನಾ ಹ್ವಾದ್ರ ನೀವು ಸಾಯ್ತೀರಿ. ನಾ ಒಲ್ಲೆ," ಎಂದಳು.

ದಿನಾ ಬೆಳಿಗ್ಗೆ ವೈರಿಗಳ ಡ್ರೋನ್ ನಮ್ಮ ಹಿತ್ತಲಿಗೆ ಬರುತ್ತಿತ್ತು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯನ್ನೇ ಎತ್ತಿ ಬೀಸುತ್ತಿದ್ದಳು. ಅವಳನ್ನು ಕಂಡ ಮೇಲೆ ಅದು ಸುಮ್ಮನೆ ಹಿಂದಿರುಗುತ್ತಿತ್ತು. ಹೀಗೆ ಹತ್ತೊಂಬತ್ತು ದಿನ ಯುದ್ಧ ತಡೆದು ನಿಂತಿತು.

ಇಪ್ಪತ್ತನೆಯ ದಿನ ಸಾಹೇಬರು ಒಂದು ಫಾರಂ ಕೊಟ್ಟರು. ಹದಿನೆಂಟು ವರ್ಷ ಹೇಳಿದ್ದನ್ನೇ ಮಾಡಿದ ನನ್ನ ಕೈ ಅದನ್ನೂ ತುಂಬಿತು.

"ಮೆಸ್ಸಿನ್ಯಾಗ ನಿನಗ ಅಡಗಿ ಕೆಲಸ ಕೊಟ್ಟಾರ. ಸಹಿ ಮಾಡಿದ್ರ ನಿನ್ನ ಯಾರೂ ಹಡಗು ಹತ್ತಸಂಗಿಲ್ಲ," ಎಂದೆ.

"ನನಗ ನೌಕರಿ ಏನ್ರಿ?" ಎಂದು ಅವಳು ಬಾಯಿ ತುಂಬ ನಕ್ಕಳು. ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಸಹಿ ಬಿದ್ದ ಮೇಲೆ ಕಾಯಿದೆಯ ಲೆಕ್ಕಕ್ಕೆ ಅವಳು ಸೈನಿಕಳು, ಸೈನಿಕನ ಮನೆಯವಳಲ್ಲ. ಅದನ್ನು ನಾನು ಹೇಳಲಿಲ್ಲ.

ಮರುದಿನ ಹಸಿರು ಯೂನಿಫಾರಂ ತೊಟ್ಟು ಅದೇ ಹಿತ್ತಲಲ್ಲಿ ರೊಟ್ಟಿ ಬಡಿಯಲು ಕೂತಳು. ಡ್ರೋನ್ ಬಂತು. ಅವಳು ಕೈ ಬೀಸಿದಳು. ಅದು ಕೆಳಗಿಳಿದು ಅವಳ ಎದೆಯ ಮೇಲಿನ ನಂಬರನ್ನು ನೋಡುತ್ತ ನಿಂತಿತು.

"ಯಾಕ್ರಿ, ಇದು ಇವತ್ತ ಹೊಳ್ಳಿ ಹೋಗವಲ್ತಲ್ಲ?" ಎಂದಳು.