ನಿನ್ನೆಯ ಹಾಲು

“ನಿನ್ನೆ ನಿಮ್ಮನೇಲಿ ಯಾರ್ಯಾರು ಹಾಲು ಕುಡಿದ್ರಿ ಅಜ್ಜಿ?” ತುಮಕೂರಿನಿಂದ ಫೋನಿನಲ್ಲೇ ಸರ್ವೆ ಮಾಡುತ್ತಿದ್ದ ಸುಧಾ ಕೇಳಿದಳು.

ಸಿ.ಎಸ್. ಪುರದ ದೊಡ್ಡಗಂಗಮ್ಮ ಮೊಬೈಲನ್ನು ಕಿವಿಗೆ ಒತ್ತಿಕೊಂಡೇ ಬಾಗಿಲ ಕಡೆ ನೋಡಿದಳು. ಬಸುರಿ ಸೊಸೆ ಮಂಗಳಗೌರಿ ಎಂದಿನಂತೆ ಕ್ಯಾನ್ ಎತ್ತಿಕೊಂಡು ಡೇರಿಗೆ ಹೊರಟಿದ್ದಳು. ಕರೆದ ಹಾಲೆಲ್ಲ ಅದರಲ್ಲೇ ಇತ್ತು.

“ಯಾರೂ ಕುಡೀಲಿಲ್ಲ ಕಣವ್ವ.”

“ಬಸ್ರಿ ಸೊಸೆ ಇದಾರೆ ಅಂದ್ರಲ್ಲ, ಅವ್ರೂ ಇಲ್ವಾ?”

ದೊಡ್ಡಗಂಗಮ್ಮನಿಗೆ ಇನ್ನೊಮ್ಮೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಸುಳ್ಳು ಹೇಳುವವಳೂ ಅಲ್ಲ. ಫೋನಿಗೆ ಸೆರಗು ಮುಚ್ಚಿ, “ಕ್ಯಾನ್ ಇಳಿಸೇ. ದೊಡ್ಡ ಲೋಟದ ತುಂಬ ಬಗ್ಗಿಸ್ಕೊಂಡು ಕುಡಿ” ಎಂದಳು. ಸೊಸೆ ಲೋಟ ಬರಿದು ಮಾಡುವವರೆಗೂ ಕಾದು, ಸೆರಗು ತೆಗೆದಳು.

“ಅದನ್ನ ಇವತ್ತು ಬರ್ಕೋಬ್ಯಾಡ ಕಣವ್ವ. ನಾಳೆ ಫೋನ್ ಮಾಡಿ, ಇದ್ನೇ ಕೇಳು.”