ಬೇಕಂತಲೇ ಬಿಟ್ಟ ಗೋಲು

"ಬೇಕಂತಲೇ ಬಿಟ್ಟೆ ಸರ್," ಎಂದ ಗೋಲ್‌ಕೀಪರ್. "ನಿನ್ನೆಯದು ಒಂದೇ ಅಲ್ಲ. ಎಂಟು ಪಂದ್ಯದ್ದೂ."

ಹಳೆಯ ಕೋಚ್ ಎತ್ತಿದ್ದ ಚಹಾದ ಲೋಟ ಬಾಯಿಯ ಹತ್ತಿರವೇ ನಿಂತಿತು. ಹುಡುಗ ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದರು. ಚೆಂಡನ್ನು ಒಳಗೆ ಬಿಡದವನೆಂದು 'ಗೋಡೆ' ಅಂತ ಅಡ್ಡಹೆಸರಿಟ್ಟವರೇ ಅವರು. ಆ ಗೋಡೆ ಈಗ ಸೋಫಾದ ಅಂಚಿನಲ್ಲಿ ಕೂತು, ಬಹುಮಾನ ತಂದವನ ಹಾಗೆ ನಗುತ್ತಿದ್ದ.

"ನಾನೊಬ್ಬನೇ ಅಲ್ಲ, ಹಿಂದಿನ ಸಾಲಿನ ನಾಲ್ಕು ಜನಾನೂ ಸೇರಿ ಮಾತಾಡ್ಕೊಂಡ್ವಿ. ನಿಮ್ಮನ್ನ ತೆಗೆದುಹಾಕಿದ ಕಾಲೇಜಿಗೆ ಒಂದು ಗೆಲುವೂ ಸಿಗಬಾರ್ದು ಅಂತ. ಹೊಸ ಕೋಚನ್ನ ಇವತ್ತು ಕಳಿಸ್ತಿದಾರೆ ಸರ್. ಪ್ರಿನ್ಸಿಪಾಲರು ಮತ್ತೆ ನಿಮ್ಮನ್ನೇ ಕರೀತಾರಂತೆ."

ಹನ್ನೆರಡು ವರ್ಷ ಕಟ್ಟಿದ ತಂಡದಿಂದ ಒಂದು ಸಾಲಿನ ಪತ್ರ ಕೊಟ್ಟು ಕಳಿಸಿದ ಮೇಲೆ ಅವರು ಮೈದಾನದ ಕಡೆ ತಲೆ ಹಾಕಿರಲಿಲ್ಲ. ಸೋಲಿನ ಸುದ್ದಿ ಮಾತ್ರ ತಪ್ಪದೆ ಮನೆ ಬಾಗಿಲಿಗೆ ಬರುತ್ತಿತ್ತು. ಮೂರು-ಸೊನ್ನೆ. ನಾಲ್ಕು-ಒಂದು. ಪೇಪರು ಮಡಚಿಟ್ಟು ಅಂದು ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದರು. ಹೊಟ್ಟೆ ತಣ್ಣಗಾಗುತ್ತಿತ್ತು, ಸುಳ್ಳೇಕೆ ಹೇಳಬೇಕು. ಈಗ ಆ ತುತ್ತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದಂತಾಯಿತು.

"ಎದ್ದೇಳು," ಎಂದರು.

"ಸರ್, ನಿಮಗೋಸ್ಕರ..."

"ಮುಂದಿನ ಸಾಲಿನ ಹುಡುಗರು ಎಂಟು ಪಂದ್ಯ ಎದೆ ಒಡೆಯೋ ಹಾಗೆ ಓಡಿದ್ರಲ್ಲೋ. ಅದರಲ್ಲಿಬ್ಬರಿಗೆ ಇದೇ ಕೊನೇ ವರ್ಷ. ಅವರಿಗೆ ಗೊತ್ತಿತ್ತಾ?"

ಗೋಡೆಯ ನಗು ಆರಿತು. "ಇಲ್ಲ ಸರ್."

ಒಳಗಿನಿಂದ ಬಂದ ಹೆಂಡತಿ, "ಏನ್ರೀ, ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ?" ಎಂದು ಕೇಳುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ ಗೇಟು ದಾಟಿಯಾಗಿತ್ತು.

ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಹೊಸ ಕೋಚ್ ತನ್ನ ಪುಸ್ತಕ, ಬೂಟು, ಸೀಟಿ ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪು ಅಂಟಿಸುತ್ತಿದ್ದ. ಅವರ ಕೈಕೆಳಗೇ ಆಡಿ ಬೆಳೆದವನು. ಈ ಕೆಲಸ ಒಪ್ಪಿಕೊಂಡನೆಂಬ ಸಿಟ್ಟಿಗೆ ಅವರು ಅವನ ಫೋನು ಕೂಡ ಎತ್ತಿರಲಿಲ್ಲ. ಆಳು ಅರ್ಧಕ್ಕರ್ಧ ಇಳಿದುಹೋಗಿದ್ದ. ಅವರನ್ನು ಕಂಡದ್ದೇ ಎದ್ದು ನಿಂತು, ಇದ್ದ ಒಂದೇ ಕುರ್ಚಿಯನ್ನು ಅವರತ್ತ ಸರಿಸಿದ.

ಅವರು ಕೂರಲಿಲ್ಲ. "ಹೋಗ್ಬೇಡ ಕಣೋ. ನೀನು ಕಲಿಸಿದ್ರಲ್ಲಿ ಏನೂ ತಪ್ಪಿಲ್ಲ. ಹುಡುಗರು ಬೇಕಂತಲೇ ಸೋತಿದಾರೆ. ನಡಿ, ಪ್ರಿನ್ಸಿಪಾಲರ ಹತ್ರ ನಾನೇ ಹೇಳ್ತೀನಿ."

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಮೂರನೇ ಪಂದ್ಯದಲ್ಲೇ ಗೊತ್ತಾಯ್ತು ಸರ್. ನೇರ ಎದೆಗೆ ಬಂದ ಚೆಂಡು ಬಿಟ್ಟು ಗೋಡೆ ಯಾಕೆ ಪಕ್ಕಕ್ಕೆ ಜಿಗೀತಾನೆ?"

"ಗೊತ್ತಿತ್ತಾ? ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

ಹೊಸ ಕೋಚ್ ಟೇಪನ್ನು ಹಲ್ಲಿನಿಂದ ಕತ್ತರಿಸಿ, ಪೆಟ್ಟಿಗೆಯ ಮೇಲೆ ಒತ್ತಿ ಒತ್ತಿ ಅಂಟಿಸಿದ.

"ಹೇಗೆ ಹೇಳ್ಲಿ ಸರ್? ಹೀಗೆ ಮಾಡಿ ಅಂತ ಅವರಿಗೆ ಹೇಳಿಕೊಟ್ಟವರು ನೀವೇ ಅಂದ್ಕೊಂಡಿದ್ದೆ."