ಗಿಳಿಹಸಿರು ಕಣ

ಬಾಡಿಗೆ ಕಟ್ಟಲಾರದ ಸಂಸಾರಗಳಿಗೆ ಸರ್ಕಾರ ನೆರವು ಕೊಡುತ್ತದೆಂದು ಕೇಳಿ ದೇವೀರಮ್ಮ ಅರ್ಜಿ ಹಾಕಿದ್ದಳು. ಮನೆ ನೋಡಿ ವರದಿ ಬರೆಯಲು ಬಂದ ಮೇಡಂ ಮೂಗಿಗೆ ಸೆರಗು ಹಿಡಿದೇ ಒಳಗೆ ಕಾಲಿಟ್ಟರು. ಅದಕ್ಕೆ ಅವಳು ಬೇಸರಪಡಲಿಲ್ಲ. ಗೋಡೆಯಾಚೆಯ ಮೋರಿಯ ನಾತಕ್ಕೆ ಅವಳಿಗೇ ದಿನವೂ ವಾಕರಿಕೆ ಬರುತ್ತಿತ್ತು.

ಇದ್ದದ್ದು ಒಂದೇ ಕೋಣೆ. ಚಾಪೆ, ಸ್ಟೌ, ನಾಲ್ಕು ಪಾತ್ರೆ. ಮೇಡಂ ಎಲ್ಲವನ್ನೂ ಪೆನ್ನಿನ ತುದಿಯಿಂದ ಸರಿಸಿ ನೋಡಿದರು.

"ಎರಡು ವಾರದಲ್ಲಿ ಖಾಲಿ ಮಾಡು ಅಂದವ್ರೆ ಓನರ್ರು. ನೀವೇ ಕೈ ಹಿಡೀಬೇಕು ಮೇಡಮ್ನೋರೆ."

"ಇದ್ದದ್ದು ಇದ್ದಂಗೆ ಬರೀತೀನಮ್ಮ."

ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದುಂಟೇ? ದೇವೀರಮ್ಮ ಕುಂಕುಮ ಕೊಟ್ಟಳು. ಗೌರಿಹಬ್ಬಕ್ಕೆ ಅಣ್ಣ ತಂದಿದ್ದ, ಮಗಳ ಮದುವೆಗೆಂದು ಟ್ರಂಕಿನ ತಳದಲ್ಲಿ ಎತ್ತಿಟ್ಟಿದ್ದ ಗಿಳಿಹಸಿರು ರೇಷ್ಮೆಯ ರವಿಕೆ ಕಣವನ್ನು ಎಲೆ-ಅಡಿಕೆಯೊಂದಿಗೆ ಕೈಗಿಟ್ಟಳು.

"ಅಯ್ಯೋ, ಇದೆಲ್ಲ ಯಾಕಮ್ಮ?" ಎನ್ನುತ್ತಲೇ ಮೇಡಂ ಅದನ್ನು ಬ್ಯಾಗಿಗೆ ತುರುಕಿಕೊಂಡರು. ಮೂಗಿನ ಮೇಲಿದ್ದ ಸೆರಗು ಕೆಳಗಿಳಿದದ್ದು ಆಗ ಮಾತ್ರ.

ಹತ್ತು ದಿನ ಬಿಟ್ಟು ಕಚೇರಿಗೆ ಹೋದರೆ, ಮೇಡಂ ಅದೇ ಗಿಳಿಹಸಿರಿನ ರವಿಕೆ ತೊಟ್ಟು ಕೂತಿದ್ದರು. ದೇವೀರಮ್ಮನಿಗೆ ಹೋದ ಜೀವ ಬಂದಂತಾಯಿತು.

"ಲಕ್ಷಣವಾಗಿ ಒಪ್ತದೆ ಮೇಡಮ್ನೋರೆ ನಿಮ್ಗೆ. ನನ್ನ ಅರ್ಜಿ ಏನಾಯ್ತು?"

ಮೇಡಂ ತಲೆಯೆತ್ತದೆ ಕಾಗದವನ್ನು ಮುಂದೆ ತಳ್ಳಿದರು. ಮೇಲೆ 'ತಿರಸ್ಕರಿಸಲಾಗಿದೆ' ಎಂಬ ಮೊಹರು. ಅದರ ಕೆಳಗೆ, ದುಂಡಗಿನ ಅಕ್ಷರಗಳಲ್ಲಿ ಕಾರಣ: 'ಮನೆಯಲ್ಲಿ ಕಂಡುಬಂದ ಬೆಲೆಬಾಳುವ ವಸ್ತು: ರೇಷ್ಮೆ ರವಿಕೆ ಕಣ, ಒಂದು.'